ಹೊಟ್ಟೆ ಡೈರಿ, ಭಾಗ 4: ಸೂಜಿ ಹಾಕಿಸ್ಕೊಂಡ್ರೆ ಮಾತ್ರೆ ಬಿಡಬಹುದಾ?

ಮನೆಗೆ ಬಂದವರೆಲ್ಲ ಕೇಳೋ ಪ್ರಶ್ನೆ ಇದು. ಹೊಸಬರಿಗೆ ಒಂದು ಮಾತು: ನನಗಿರೋದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು. ಜೋರಾದಾಗ ರಕ್ತಭೇದಿ. ಇದು ಐಬಿಎಸ್ ಅಲ್ಲ, ಐಬಿಡಿ. ಕ್ರೋನ್ಸ್ ಕೂಡ ಇದೇ ಗುಂಪಿನದು.

ಮೊನ್ನೆ ಅತ್ತೆ, "ಅಕ್ಯುಪಂಕ್ಚರ್ ಮಾಡಿಸು ಪುಟ್ಟಿ, ಆ ಇಂಗ್ಲಿಷ್ ಮಾತ್ರೆ ಎಲ್ಲ ನಿಲ್ಲಿಸಿಬಿಡು" ಅಂದ್ರು. ಅಮ್ಮ ಏನೂ ಹೇಳ್ಲಿಲ್ಲ. ಆದ್ರೆ ಸ್ಟೀರಾಯ್ಡ್ ತಗೊಂಡಾಗ ನನ್ನ ಮುಖ ಊದಿದ್ದನ್ನ ದಿನಾ ನೋಡಿದವಳು ಅವಳು. ಅವಳಿಗೂ ಒಳಗೊಳಗೇ ಅದೇ ಆಸೆ ಅಂತ ನಂಗೊತ್ತು. ಅದಕ್ಕೇ ಕೂತು ಓದಿದೆ.

ಇದು ಚೀನಾದ ಹಳೇ ಪದ್ಧತಿ. ತುಂಬಾ ತೆಳು ಸೂಜಿ. ಹೊಟ್ಟೆ ತೊಂದರೆಗೆ ಹೆಚ್ಚಾಗಿ ಮೊಣಕಾಲಿನ ಕೆಳಗಿರೋ ಒಂದು ಬಿಂದುವಿಗೆ ಚುಚ್ತಾರೆ. ಜೊತೆಗೆ ಮಾಚಿಪತ್ರೆ ಜಾತಿಯ ಒಣಗಿದ ಸೊಪ್ಪನ್ನ ಸುಟ್ಟು ಕಾವು ಕೊಡೋದೂ ಉಂಟು.

ಜರ್ಮನಿಯ ಎರಡು ಅಧ್ಯಯನ ಸಿಕ್ಕವು. 2004ರದ್ದು ಕ್ರೋನ್ಸ್ ಇರೋ 51 ಜನರ ಮೇಲೆ, 2006ರದ್ದು ನನ್ನದೇ ಕಾಯಿಲೆಯ 29 ಜನರ ಮೇಲೆ. ಒಂದು ಗುಂಪಿಗೆ ಸರಿಯಾದ ಬಿಂದುಗಳಿಗೆ ಸೂಜಿ, ಇನ್ನೊಂದಕ್ಕೆ ಬೇರೆ ಎಲ್ಲೋ. ಮೊದಲನೇ ಗುಂಪಿನವರ ರೋಗಲಕ್ಷಣದ ಅಂಕ ಹೆಚ್ಚು ಇಳಿಯಿತು, ನಿಜ. ಆದ್ರೆ ಬೇರೆ ಎಲ್ಲೋ ಚುಚ್ಚಿಸ್ಕೊಂಡವರೂ ಸುಧಾರಿಸಿದ್ರು! ಮತ್ತೆ 29 ಅಂದ್ರೆ ಎಷ್ಟು? ನಮ್ಮ ಬಿಕಾಂ ಕ್ಲಾಸ್‌ನಲ್ಲೇ ಅದಕ್ಕಿಂತ ಜಾಸ್ತಿ ಇದ್ದೀವಿ.

ಕಾಮರ್ಸ್‌ನವರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ, ತಪ್ಪು ಒಳಗೇ ಕೂತಿರಬಹುದು. ನೋವು ಕಮ್ಮಿ ಆಯ್ತು ಅಂದ್ರೆ ಹುಣ್ಣು ಮಾಯ್ತು ಅಂತಲ್ಲ. ಅದನ್ನ ಹೇಳೋದು ಮಲದ ಕ್ಯಾಲ್ಪ್ರೊಟೆಕ್ಟಿನ್ ಟೆಸ್ಟ್, ಕೊಲೊನೋಸ್ಕೋಪಿ. ಉರಿಯೂತ ವರ್ಷಗಟ್ಟಲೆ ಹಾಗೇ ಉಳಿದ್ರೆ ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚುತ್ತೆ.

ಹಾಗಂತ ಅತ್ತೆ ಮೇಲೆ ಸಿಟ್ಟಿಲ್ಲ. ನೋವು, ಸುಸ್ತು, ಟೆನ್ಷನ್ ಸ್ವಲ್ಪ ಕಮ್ಮಿ ಆದ್ರೂ ಈ ಕಾಯಿಲೆಯವರಿಗೆ ಅದು ದೊಡ್ಡದೇ. ಅಮ್ಮನಿಗೆ ಹೇಳಿದ್ದು ಇಷ್ಟೇ: "ಡಾಕ್ಟ್ರನ್ನ ಕೇಳೋಣ. ಹಾಕಿಸ್ಕೊಂಡ್ರೂ ಮೆಸಲಮೈನ್ ಜೊತೆಗೆ, ಅದರ ಬದಲಿಗೆ ಅಲ್ಲ. ಸೂಜಿ ಹೊಸದೇ ಆಗಿರ್ಬೇಕು, ತರಬೇತಿ ಆದವರೇ ಹಾಕ್ಬೇಕು."

ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, "ಸರಿ, ರಾತ್ರಿ ಮಾತ್ರೆ ತಗೊಂಡ್ಯಾ?" ಅಂದ್ಲು.

ನಿಮ್ಮನೇಲೂ ಯಾರಾದ್ರೂ ಮಾತ್ರೆ ಬಿಡು ಅಂತಿದ್ದಾರಾ? ಇದನ್ನ ಅವರಿಗೆ ಕಳ್ಸಿ. ಭಾಗ 5ರಲ್ಲಿ ಹಾಸ್ಟೆಲ್ ಊಟದ ಕಥೆ.

#ಹೊಟ್ಟೆಡೈರಿ #ಐಬಿಡಿ #ಕನ್ನಡ