ಸೈಕಲ್ಲಿನ ಹೊಟ್ಟೆಯೊಳಗಿನ ಮಳೆ

ಮಳೆಯಲ್ಲಿ ಸೈಕಲ್ಲು ನೆನೆಯುವುದನ್ನು ಎಲ್ಲರೂ ನೋಡಿದ್ದೇವೆ. ಸೈಕಲ್ಲಿನ ಒಳಗೆ ಮಳೆ ಹೋಗುವುದನ್ನು ಗಮನಿಸಿದವರು ಕಡಿಮೆ. ನಮ್ಮ ಹೊಸಪೇಟೆಯ ರೋಹಿಣಿ ಮಳೆಯ ರೀತಿ ನಿಮಗೆ ಗೊತ್ತಲ್ಲ. ದಿನವಿಡೀ ಬಿಸಿಲು ಕಾದು, ಸಂಜೆ ನಾಲ್ಕರ ಹೊತ್ತಿಗೆ ಜೋಳದರಾಶಿ ಗುಡ್ಡದ ಮೇಲೆ ಒಂದು ಕರಿಮೋಡ ಕೂತು, ಮಂಡಕ್ಕಿ ಮಿರ್ಚಿ ಅಂಗಡಿಗೆ ಬಂದವರೆಲ್ಲ ತಗಡಿನ ಕೆಳಗೆ ಸೇರಿಕೊಳ್ಳುವಷ್ಟರಲ್ಲಿ ಸುರಿದು ಮುಗಿಸುತ್ತದೆ. ಆಮೇಲೆ ನಾವು ಹೊರಬಂದು, ಅಂಗೈಯಿಂದ ಸೀಟು ಒರೆಸಿ, ಹತ್ತಿ ಹೊರಡುತ್ತೇವೆ. ಒಳಗೆ ಇಳಿದ ನೀರಿನ ವಿಚಾರ ಅಲ್ಲಿಗೆ ಮರೆತುಹೋಗುತ್ತದೆ.

ಆದರೆ ಕೂತು ಯೋಚಿಸಿದರೆ ಈ ಜಲಪ್ರವೇಶ ಒಂದು ಶಾಸ್ತ್ರವೇ ಆಗುವಷ್ಟಿದೆ. ಫ್ರೇಮ್ ಅಂದರೆ ಟೊಳ್ಳು ಪೈಪುಗಳು. ಸೀಟಿನ ಪಿಲ್ಲರ್ ಇಳಿಯುವ ಬಾಯಲ್ಲಿ, ಬೋಲ್ಟು ಬಿಗಿದರೆ ಕಚ್ಚಿಕೊಳ್ಳಲಿ ಅಂತ ಹಿಂದುಗಡೆ ಒಂದು ಸೀಳು ಬಿಟ್ಟಿರುತ್ತಾರೆ. ಮಡ್ಗಾರ್ಡ್ ಇಲ್ಲದಿದ್ದರೆ ಹಿಂದಿನ ಗಾಲಿ ಎರಚುವ ಕೆಸರು ನೆಟ್ಟಗೆ ಅಲ್ಲಿಗೇ. ಹ್ಯಾಂಡಲ್ಲಿನ ಕುತ್ತಿಗೆಯದು ಇನ್ನೊಂದು ದಾರಿ. ಬೆಸುಗೆಯ ಬಿಸಿಗಾಳಿ ಹೋಗಲಿ ಅಂತ ಕಾರ್ಖಾನೆಯಲ್ಲಿ ಹಿಂದಿನ ಸಣ್ಣ ಪೈಪುಗಳಿಗೆ ಕೊರೆದ ತೂತುಗಳದು ಮತ್ತೊಂದು. ಇವಕ್ಕೆಲ್ಲ ಬಿಸಿಲೂ ಸಹಾಯ ಮಾಡುತ್ತದೆ. ಬಿಸಿ ಪಾತ್ರೆಗೆ ಮುಚ್ಚಳ ಹಾಕಿಟ್ಟರೆ ಆರಿದ ಮೇಲೆ ಅದು ಕಚ್ಚಿಕೊಳ್ಳುವುದಿಲ್ಲವೆ, ಹಾಗೆಯೇ ಪೈಪಿನೊಳಗೆ 50 ಡಿಗ್ರಿಗೆ ಕಾದ ಗಾಳಿ ಮಳೆ ಬಿದ್ದು 25ಕ್ಕೆ ಇಳಿದರೆ ಸುಮಾರು ಹದಿಮೂರರಲ್ಲಿ ಒಂದು ಪಾಲು ಕುಗ್ಗುತ್ತದೆ, ಕುಗ್ಗುತ್ತಾ ಸೀಳಿನ ಬಾಯಲ್ಲಿ ನಿಂತ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಬಂದದ್ದೆಲ್ಲ ಇಳಿದಿಳಿದು ಪೆಡಲಿನ ಅಚ್ಚು ಕೂತ ಬಾಟಮ್ ಬ್ರಾಕೆಟ್‌ನಲ್ಲಿ ನಿಲ್ಲುತ್ತದೆ. ಅಲ್ಲಿ ಗ್ರೀಸು ತೊಳೆದು, ಬಾಲ್ಸು ಕೆಂಪಾಗಿ, ಅವು ಕೂರುವ ಬಟ್ಟಲು (ಕಪ್ಪು) ಸವೆದು, ಕೊನೆಗೆ ಪೆಡಲು ತುಳಿದಾಗಲೆಲ್ಲ ಕಟಕಟ ಅನ್ನತೊಡಗುತ್ತದೆ.

ಕೆಂಪು ಅಂದ ಕೂಡಲೆ ನನ್ನ ಮನಸ್ಸು ಸಂಡೂರಿಗೆ ಹೋಗುತ್ತದೆ. ಬೇಸಿಗೆ ರಜೆಗೆ ಅತ್ತೆಯ ಮನೆಗೆ ಹೋದರೆ ದಾರಿಯುದ್ದಕ್ಕೂ ಮರದ ಎಲೆ ಕೆಂಪು, ಎತ್ತಿನ ಬೆನ್ನು ಕೆಂಪು, ನಮ್ಮ ಬಿಳಿ ಅಂಗಿಯೂ ಸಂಜೆಗೆ ಕೆಂಪು. ಅಲ್ಲಿನ ಗುಡ್ಡಗಳದು ಹೆಮಟೈಟ್ ಅದಿರು, ಅಂದರೆ ಕಬ್ಬಿಣವೂ ಆಮ್ಲಜನಕವೂ ಕೂಡಿದ ಕಲ್ಲು. ಶುದ್ಧವಾದದ್ದರಲ್ಲಿ ತೂಕಕ್ಕೆ ನೂರಕ್ಕೆ 70 ಪಾಲು ಕಬ್ಬಿಣ. ಅದೇ ತಾಲ್ಲೂಕಿನ ತೋರಣಗಲ್ಲಿನಲ್ಲಿ ಅಷ್ಟೆತ್ತರದ ಕುಲುಮೆ ಉರಿಸಿ ಆ ಆಮ್ಲಜನಕವನ್ನು ಕಿತ್ತು ಉಕ್ಕು ಮಾಡುತ್ತಾರೆ. ಇಷ್ಟು ಬೆಂಕಿ ಖರ್ಚು ಮಾಡಿ ಬಿಡಿಸಿದ ನಂಟನ್ನು ಪೈಪಿನೊಳಗಿನ ಒಂದು ಲೋಟ ನೀರು ಸದ್ದಿಲ್ಲದೆ ಮತ್ತೆ ಕೂಡಿಸಿಬಿಡುತ್ತದೆ. ಹೊರಗೆ ಬಣ್ಣ ಫಳಫಳ, ಒಳಗೆ ಸೈಕಲ್ಲು ಸಂಡೂರಿನ ಗುಡ್ಡದ ಕಡೆ ಹೊರಟಿರುತ್ತದೆ.

ಇದಕ್ಕೆ ಪರಿಹಾರ ಹೇಳಿದವರು ಕಂಪ್ಲಿಯ ಒಬ್ಬ ಸೈಕಲ್ ಅಂಗಡಿಯ ಚಾಚಾ. ಅಜ್ಜನ ಊರಿನಲ್ಲಿ ಬಾಡಿಗೆ ಸೈಕಲ್ಲಿಗಾಗಿ ಅವರ ಅಂಗಡಿ ಮುಂದೆ ನಾವು ಹುಡುಗರು ಕಾದು ಕೂರುತ್ತಿದ್ದೆವು. ಮಳೆಗಾಲದಲ್ಲಿ ಓವರಾಯ್ಲಿಂಗಿಗೆ ಬಂದ ಸೈಕಲ್ಲಿನ ಸೀಟು ಕಿತ್ತು, ಸೈಕಲ್ಲನ್ನು ತಲೆಕೆಳಗು ಮಾಡಿದರೆ ಗೋಣಿತಟ್ಟಿನ ಮೇಲೆ ಕೆಂಪು ನೀರು ಧಬಧಬ ಸುರಿಯುತ್ತಿತ್ತು. ಸೀಟಿನ ಬಾಯಿಗೆ ಮೇಣ ಮೆತ್ತಿದರೆ ಆಗದೆ ಅಂತ ಯಾರೋ ಕೇಳಿದಾಗ ಚಾಚಾ, “ಬರಬ್ಯಾಡ ಅಂದ್ರ ನೀರು ಕೇಳಂಗಿಲ್ಲಪಾ, ಬಂದಿದ್ದು ಹೋಗಾಕ ದಾರಿ ಮಾಡು” ಅಂದರು. ತುಂಗಭದ್ರಾ ಡ್ಯಾಮಿನ ಗೇಟು ತೆರೆದಾಗ ಗಂಗಾವತಿ ಕಡೆಯ ಸೇತುವೆ ಮುಳುಗುವುದನ್ನು ನೋಡುತ್ತಲೇ ಬದುಕುವ ಊರಿನವರಿಗೆ ನೀರಿನ ಸ್ವಭಾವ ಬೇರೆ ಯಾರೂ ಕಲಿಸಬೇಕಿಲ್ಲ.

ಹಂಪಿಯನ್ನು ಕಟ್ಟಿದವರಿಗೂ ಇದು ಗೊತ್ತಿತ್ತು. ವಿರೂಪಾಕ್ಷನ ಗುಡಿಯಲ್ಲಿ ಹೊಳೆಯ ನೀರಿನ ಕಿರುಗಾಲುವೆ ಅಡುಗೆಮನೆಯ ಕಡೆ ಹರಿದು, ಹೊರಪ್ರಾಕಾರ ಹಾದು ಆಚೆ ಹೋಗುವಂತೆ ಮಾಡಿದ್ದಾರೆ. ಒಳಗೆ ಬರುವ ದಾರಿ ಯೋಚಿಸಿದಷ್ಟೇ ಶ್ರದ್ಧೆಯಿಂದ ಹೊರಹೋಗುವ ದಾರಿಯನ್ನೂ ಯೋಚಿಸಿದ ಜನ ಅವರು. ಪ್ರವಾಸಿಗರಿಗೆಂದು ಅದೇ ಹಂಪಿಯಲ್ಲಿ ಸಾಲಾಗಿ ನಿಲ್ಲಿಸಿದ ಬಾಡಿಗೆ ಸೈಕಲ್ಲುಗಳು ಮಳೆಯಲ್ಲಿ ನೆನೆಯುವುದನ್ನು ಕಂಡಾಗ ನನಗೆ ಚಾಚಾನ ಮಾತು ಕೇಳಿಸುತ್ತದೆ.

ಆದ್ದರಿಂದ ಅಂಗಡಿಯವರಿಗೆ ಹೇಳಿ ಅಚ್ಚು, ಬಾಲ್ಸು ಬಿಚ್ಚಿಸಿ, ಬಾಟಮ್ ಬ್ರಾಕೆಟ್‌ನ ತಳದ ನಟ್ಟನಡುವೆ, ಕಪ್ಪು ಕೂರುವ ತಿರುಪಿನ ಮರೆಗೆ ತಾಗದಂತೆ, 4 ಮಿಲಿಮೀಟರಿನ ಒಂದು ತೂತು ಕೊರೆಸಿ. ಕಬ್ಬಿಣದ ಪುಡಿ ಒರೆಸಿ, ಹೊಸ ಗ್ರೀಸು ತುಂಬಿಸಿ. ತೂತು ಮೊದಲೇ ಇದ್ದರೆ ಕೆಸರು ಕಟ್ಟಿದೆಯೇ ನೋಡಿ, ಕಡ್ಡಿ ಹಾಕಿ ಬಿಡಿಸಿ. ಸೀಟಿನ ಪಿಲ್ಲರಿಗೆ ಗ್ರೀಸು ಸವರಿ, ಸೀಳಿನ ಮೇಲೆ ಹಳೇ ಟ್ಯೂಬಿನ ತುಂಡೊಂದನ್ನು ಬಿಗಿಯಾಗಿ ಏರಿಸಿ. ಪೈಪು ಪೂರ್ತಿ ಒಣಗಿದ ಮೇಲೆ ಒಳಗೆ ಸ್ವಲ್ಪ ಅಗಸೆ ಎಣ್ಣೆ ಬಿಟ್ಟು ಎಲ್ಲ ಕಡೆ ವಾಲಿಸಿದರೆ ಇನ್ನೂ ಒಳ್ಳೆಯದು. ಶೇಂಗಾ ಎಣ್ಣೆ ಒಣಗುವುದಿಲ್ಲ, ಅಗಸೆಯದು ಗಾಳಿ ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ.

2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳಲ್ಲಿ ಎಷ್ಟೋ ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಅಪ್ಪನಿಗೆ ದಾಟಿ ಈಗಲೂ ಹೊಲದ ದಾರಿಯಲ್ಲಿ ಓಡುತ್ತಿವೆ. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದರೆ, ರೋಹಿಣಿ ಮಳೆ ಹುಟ್ಟುವ ಮೊದಲೇ ಅಂಗಡಿಗೆ ಒಯ್ದು ಆ ತೂತು ಹಾಕಿಸಿಬಿಡಿ.