ಅಡಿ ಲೆಕ್ಕದ ಸಮುದ್ರ

ಮೈಸೂರಿಗೆ ಸಮುದ್ರವಿಲ್ಲ ಎನ್ನುವವರು ಅಕ್ವೇರಿಯಂ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಅಲ್ಲಿ ಸಮುದ್ರವನ್ನು ಊಟದ ಮೇಜಿನ ಪ್ಲಾಸ್ಟಿಕ್ ಹಾಸಿನಂತೆ ಸುರುಳಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಿರುತ್ತಾರೆ. ಕೇಳಿದರೆ ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ.

"ಎಷ್ಟಡಿ ಸಾರ್?"

"ಎರಡು."

ಕತ್ತರಿ ಸರ್ರನೆ ಹರಿಯಿತು. "ಈ ಕಡೆ ಹವಳ, ತಿರುಗಿಸಿದ್ರೆ ಗಿಡ. ಬೇಜಾರಾದಾಗ ಉಲ್ಟಾ ಹಾಕ್ಕೊಳ್ಳಿ."

ನಾನು ಸಮುದ್ರ ಕೊಳ್ಳಲು ಹೋದದ್ದು ಮೀನಿನ ಮೇಲಿನ ಪ್ರೀತಿಯಿಂದಲ್ಲ, ಗೋಡೆಯ ಮೇಲಿನ ನಾಚಿಕೆಯಿಂದ. ಭಾವಮೈದ ವರ್ಗವಾಗಿ ಹೋಗುವಾಗ ಎರಡಡಿಯ ಗಾಜಿನ ತೊಟ್ಟಿಯನ್ನೂ ಹತ್ತು ನಿಯಾನ್ ಟೆಟ್ರಾಗಳನ್ನೂ ನಮ್ಮ ಹಾಲಿನಲ್ಲಿ ಇಳಿಸಿ ಹೋಗಿದ್ದ. ತೊಟ್ಟಿಯ ಹಿಂದೆ ತೇವ ಹತ್ತಿ ಉಬ್ಬಿದ ಸುಣ್ಣ, ಮೋಟರಿನ ವೈರು, ಗಾಳಿಯ ಪೈಪು. ನೀರಿನ ಮೂಲಕ ನೋಡಿದರೆ ಇವೆಲ್ಲ ಇನ್ನಷ್ಟು ಮುಂದೆ ಬಂದು ನಿಂತಂತೆ ಕಾಣುತ್ತಿದ್ದವು. ಮನೆಗೆ ಬಂದವರು ಮೀನು ನೋಡುವ ನೆಪದಲ್ಲಿ ಗೋಡೆ ನೋಡುತ್ತಿದ್ದರು.

ಹವಳದ ಮೈ ಮುಂದೆ ಮಾಡಿ ಸೆಲ್ಲೋಟೇಪು ಅಂಟಿಸಿದೆ. ಗೋಡೆ ಮುಚ್ಚಿತು, ನನ್ನ ಬಾಯಿ ತೆರೆಯಿತು. ನಿಯಾನ್ ಟೆಟ್ರಾ 1936ರಲ್ಲಿ ವೈಜ್ಞಾನಿಕ ಹೆಸರು ಪಡೆದ ಮೀನು. ಊರು ಅಮೆಜಾನಿನ ಮೇಲ್ಭಾಗದ ಹೊಳೆಗಳು. ಮರದ ನೆರಳು, ಕೊಳೆತ ಎಲೆ, ಅಲ್ಲಲ್ಲಿ ಡಿಕಾಕ್ಷನ್ ಬಣ್ಣದ ನೀರು. ಅದರ ಹಿಂದೆ ಕೆಂಪು ಹವಳ ನಿಲ್ಲಿಸುವುದೆಂದರೆ ಮಲೆನಾಡಿನ ಹಸುವನ್ನು ಒಂಟೆಗಳ ನಡುವೆ ಕಟ್ಟಿದ ಹಾಗೆ. ಹವಳ ನೋಡಬೇಕಿದ್ದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಮುಳುಗಬೇಕು. "ಹವಳ ಇರೋದು ಉಪ್ಪುನೀರಲ್ಲಿ ಅಮ್ಮ, ಈ ಮೀನನ್ನ ಅಲ್ಲಿ ಬಿಟ್ಟರೆ ಸತ್ತೇ ಹೋಗುತ್ತೆ," ಎಂದೆ.

ಅಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಗೋಡೆಯ ಮೇಲಿದ್ದ ಫೋಟೋ ಕಡೆ ಗದ್ದ ಎತ್ತಿದಳು. 1971ರಲ್ಲಿ, ಮದುವೆಯಾದ ವರ್ಷ, ಸ್ಟುಡಿಯೋದಲ್ಲಿ ತೆಗೆಸಿದ್ದು. ಅಪ್ಪ ಕುರ್ಚಿಯಲ್ಲಿ, ಅಮ್ಮ ಪಕ್ಕದಲ್ಲಿ ನಿಂತು. ಹಿಂದಿನ ಪರದೆಯಲ್ಲಿ ಹಿಮದ ಬೆಟ್ಟ, ಸರೋವರ, ಅದರಲ್ಲೊಂದು ದೋಣಿಮನೆ.

"ನಿಮ್ಮಪ್ಪ ತಿರುಪತಿ ದಾಟಿ ಆಚೆಗೆ ಹೋದೋರಲ್ಲ. ಹಿಂದೆ ಹಿಮಾಲಯ ಇದೆ ಅಂತ ಅವರಿಗೇನು ಚಳಿ ಆಯ್ತಾ?"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಕಂಪನಿ ನಾಟಕದವರು ದರ್ಬಾರು, ಬೀದಿ, ಕಾಡು ಎಂದು ಬರೆಸಿಟ್ಟ ಪರದೆಗಳಲ್ಲೇ ಹತ್ತಾರು ನಾಟಕ ಮುಗಿಸುತ್ತಿದ್ದರು. ನಿನ್ನೆ ರಾಮ ಅಲೆದ ಕಾಡಿನಲ್ಲೇ ಇವತ್ತು ನಳ ದಮಯಂತಿಯನ್ನು ಬಿಟ್ಟು ಹೋದರೂ ಪ್ರೇಕ್ಷಕರು ಕೇಳಲಿಲ್ಲ. ಗುಬ್ಬಿ ವೀರಣ್ಣನವರಿಗೆ ಪರದೆ ಸಾಲದೆನಿಸಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆಯನ್ನೇ ರಂಗದ ಮೇಲೆ ತಂದರು. ನಾನು ಆ ಪಂಗಡದವನಿರಬೇಕು, ಆನೆಯಷ್ಟು ಖರ್ಚಿಲ್ಲದೆ.

ಇಷ್ಟರಲ್ಲಿ ಇನ್ನೊಂದು ತಕರಾರು ಹೊರಟಿತು. ಅಮ್ಮನ ಕುರ್ಚಿ ಇರುವುದು ತೊಟ್ಟಿಯ ಪಕ್ಕಕ್ಕೆ. ಅಲ್ಲಿಂದ ಪಕ್ಕದ ಗಾಜಿನ ಮೂಲಕ ನೋಡಿದರೆ ಹವಳವೂ ಇಲ್ಲ, ಗೋಡೆಯೂ ಇಲ್ಲ. ಹಿಂದಿನ ಗಾಜೇ ಕನ್ನಡಿಯಾಗಿಬಿಟ್ಟಿರುತ್ತದೆ. ಹಾಳೆಗೂ ಗಾಜಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದಿರುವುದೇ ಕಾರಣ. ನೀರಿನಿಂದ ಗಾಜು ದಾಟಿ ಗಾಳಿಗೆ ಹೊರಟ ಬೆಳಕು ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಆಚೆ ಹೋಗುವುದೇ ಇಲ್ಲ, ಪೂರ್ತಿ ಹಿಂದಿರುಗುತ್ತದೆ. ಆ ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿದರೆ ಕನ್ನಡಿ ಮಾಯವಾಗುತ್ತದೆ. ಬೆಳಕಿನ ಮಟ್ಟಿಗೆ ಎಣ್ಣೆ ಗಾಜಿಗೆ ಹತ್ತಿರದ ಸಂಬಂಧಿ. ಕೈಗೆ ಸಿಕ್ಕಿದ್ದು ಕೊಬ್ಬರಿ ಎಣ್ಣೆ. ಗಾಜಿನ ಬೆನ್ನಿಗೆ ಸವರಿ, ಹಾಳೆ ಒತ್ತಿ, ಹಳೆಯ ಎಟಿಎಂ ಕಾರ್ಡಿನಿಂದ ಗುಳ್ಳೆಗಳನ್ನು ಅಂಚಿಗೆ ತಳ್ಳಿದೆ. ಹವಳ ಒಮ್ಮೆಲೇ ನೀರಿನೊಳಗೇ ಬೆಳೆದಂತೆ ಎದ್ದು ನಿಂತಿತು. ನಾನು ಬೀಗಿದೆ.

"ಇನ್ನು ಹತ್ತು ಮೀನು ಎಲ್ಲೋ?" ಎಂದಳು ಅಮ್ಮ. ಅವಳ ಲೆಕ್ಕದಲ್ಲಿ ನಮ್ಮ ಮನೆಯಲ್ಲಿದ್ದದ್ದು ಇಪ್ಪತ್ತು.

ಅದು ಡಿಸೆಂಬರ್. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವ ಪದಾರ್ಥ. ಬಚ್ಚಲುಮನೆಯ ಬಾಟಲಿಯನ್ನು ಬಿಸಿನೀರಿನಲ್ಲಿ ಅದ್ದಿ ಬೆಳೆದ ನನಗೆ ಇದು ಗೊತ್ತಿಲ್ಲದ ವಿಷಯವೇನಲ್ಲ, ಆದರೂ ಆ ಹೊತ್ತಿಗೆ ನೆನಪಾಗಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಹವಳದ ಮೇಲೆಲ್ಲ ಬಿಳಿ ಮಂಜು. ಅಂತೂ ಹಿಮಾಲಯ ಬಂತಲ್ಲ ಎಂದಳು ಹೆಂಡತಿ. ಹಾಳೆ ಕಿತ್ತೆ. ಅಮ್ಮ ಅದನ್ನು ಸೋಪು ಹಾಕಿ ತೊಳೆದು, ಒರೆಸಿ, ಸುರುಳಿ ಸುತ್ತಿಟ್ಟಳು. "ಗಟ್ಟಿ ಇದೆ, ಬಿಸಾಡಬೇಡ."

ಅಟ್ಟದ ಮೇಲೆ ಗಣೇಶನ ಮಂಟಪದ ಥರ್ಮಾಕೋಲ್ ಇತ್ತು. ಅದನ್ನು ಬಂಡೆಯಾಗಿಸುವ ಹುಚ್ಚು ಹತ್ತಿತು. ಹ್ಯಾಕ್ಸಾ ಬ್ಲೇಡಿನಿಂದ ಸೀಳು, ಬಿರುಕು ಕೊರೆದು, ಸಿಮೆಂಟನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ ಮೂರು ಸಲ ಬಳಿದೆ. ಹಸಿ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ. ನಿಯಾನ್‌ಗಳಿಗೆ ಬೇಕಾದದ್ದು ಮೆದು ನೀರು, ತುಸು ಹುಳಿಯ ಕಡೆಗಿರುವುದು. ಹಾಗಾಗಿ ಬಂಡೆಯನ್ನು ಡ್ರಮ್ಮಿನಲ್ಲಿ ಮುಳುಗಿಸಿ, ಮೇಲೆ ರುಬ್ಬುಗುಂಡು ಹೇರಿ, ದಿನಾ ನೀರು ಬದಲಿಸುತ್ತ ಹದಿನೈದು ದಿನ ಕಳೆದೆ. ಪರೀಕ್ಷೆಯ ಹನಿ ಹಾಕಿದಾಗಲೆಲ್ಲ ನೀರು ಕಡುನೀಲಿಗೆ ತಿರುಗುತ್ತಿತ್ತು. ಮೂರನೆಯ ವಾರ ಹಸಿರಿಗಿಳಿಯಿತು. ರುಬ್ಬುಗುಂಡು ಯಾಕೆ ಬೇಕಾಯಿತು ಎಂದು ಆಗಲೇ ಯೋಚಿಸಬಹುದಿತ್ತು.

ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ತೊಟ್ಟಿ ಬರಿದು ಮಾಡಿ ಒಣಗಿಸಿ, ಸಿಲಿಕೋನ್ ಹಚ್ಚಿ ಬಂಡೆ ಅಂಟಿಸಿದೆ. ಬಚ್ಚಲಿಗೆ ಹಾಕುವ ಸಿಲಿಕೋನ್ ಅಲ್ಲ, ಅದರಲ್ಲಿ ಬೂಷ್ಟು ಕೊಲ್ಲುವ ಔಷಧಿ ಇರುತ್ತದೆ. ಮನೆಯೆಲ್ಲ ಎರಡು ದಿನ ವಿನಿಗರ್ ವಾಸನೆ. ನೀರು ತುಂಬಿದೆ. ಎಷ್ಟು ಚೆಂದವಿತ್ತೆಂದರೆ, ಊಟವಾದ ಮೇಲೆ ದೀಪ ಆರಿಸಿ ತೊಟ್ಟಿಯ ದೀಪವೊಂದನ್ನೇ ಉಳಿಸಿಕೊಂಡು ಕೂತೆ. ರಾಮನಗರದ ಯಾವುದೋ ಬಂಡೆಯ ಬುಡದಲ್ಲಿ ಮಳೆನೀರು ನಿಂತ ಹಾಗೆ.

ರಾತ್ರಿ ಎರಡು ಗಂಟೆಗೆ ಭಡ್ ಎಂದಿತು. ಎರಡಡಿ ಉದ್ದ, ಒಂದಡಿ ಎತ್ತರ, ಒಂದೂವರೆ ಇಂಚು ದಪ್ಪದ ಥರ್ಮಾಕೋಲು ಆರೂವರೆ ಲೀಟರಿಗೂ ಹೆಚ್ಚು ನೀರನ್ನು ಸರಿಸುತ್ತದೆ. ಸಿಮೆಂಟಿನ ತೂಕ ಕಳೆದರೂ ಐದು ಕಿಲೋ ಬಲ ಹಗಲೂ ರಾತ್ರಿ ಮೇಲಕ್ಕೆ ಎಳೆಯುತ್ತಿತ್ತು. ಸಿಲಿಕೋನ್ ಸೋಲಲಿಲ್ಲ. ಅದು ಸಿಮೆಂಟಿನ ಸಿಪ್ಪೆಯನ್ನು ಭದ್ರವಾಗಿ ಹಿಡಿದುಕೊಂಡಿತ್ತು, ಸಿಪ್ಪೆ ಮಾತ್ರ ಥರ್ಮಾಕೋಲನ್ನು ಬಿಟ್ಟುಕೊಟ್ಟಿತ್ತು. ರಾಮನಗರದ ಬಂಡೆ ತೊಟ್ಟಿಯ ಮುಚ್ಚಳ ಹಾರಿಸಿ, ಅರ್ಧ ಮೈ ಹೊರಗೆ ಹಾಕಿ ತೇಲುತ್ತಿತ್ತು. ನೆಲ ಒರೆಸುವಾಗ ಮನೆಯವರು ಯಾರೂ ಮಾತಾಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಕೊನೆಗೆ ಗೇಟಿಗೆ ಬಳಿದು ಮಿಕ್ಕಿದ್ದ ಕರಿ ಪೇಂಟನ್ನು ಹಿಂಗಾಜಿನ ಹೊರಮೈಗೆ ಎರಡು ಕೋಟು ಹಚ್ಚಿದೆ. ಅರ್ಧ ಗಂಟೆಯ ಕೆಲಸ. ಬಣ್ಣಕ್ಕೂ ಗಾಜಿಗೂ ನಡುವೆ ಗಾಳಿಯಿಲ್ಲ, ಆದ್ದರಿಂದ ಅಮ್ಮನ ಕುರ್ಚಿಯಿಂದಲೂ ಕಪ್ಪು ಕಪ್ಪೇ. ಮೀನುಗಳನ್ನು ಬಿಟ್ಟ ಮೊದಲ ದಿನ ವ್ಯತ್ಯಾಸ ತಿಳಿಯಲಿಲ್ಲ. ವಾರ ಕಳೆಯುವಷ್ಟರಲ್ಲಿ ಬೆನ್ನಿನ ಕಂದು ಗಾಢವಾಗಿ, ನೀಲಿಗೆರೆ ವೆಲ್ಡಿಂಗ್ ಕಿಡಿಯಂತೆ ಹೊಳೆಯತೊಡಗಿತು. ಸುತ್ತಲಿನ ಕಪ್ಪನ್ನು ಕಣ್ಣು ಕಂಡರೆ ಮೀನಿನ ಚರ್ಮದ ಕಣಗಳಲ್ಲಿ ಕರಿಬಣ್ಣ ಹರಡಿಕೊಳ್ಳುತ್ತದೆ, ಬೆಳ್ಳಗಿನ ಜಾಗದಲ್ಲಿ ಮುದುಡುತ್ತದೆ. ಹವಳದ ಮುಂದೆ ಅವು ಪೇಲವವಾಗಿದ್ದುದಕ್ಕೆ ಹಾಳೆಯ ತಿಳಿನೀಲಿಯೂ ಒಂದು ಕಾರಣವಿರಬೇಕು ಎಂದು ಅಮ್ಮನಿಗೆ ಹೇಳಿ, ಹಳೆಯ ವಾದವನ್ನು ಗೆದ್ದುಕೊಂಡೆ. ಅವಳು ಹೂಂಗುಟ್ಟಿದಳು.

ಮೊನ್ನೆ ಸಾರಿಗೆ ಉಪ್ಪು ಸಾಲದೆಂದು ಅಡುಗೆಮನೆಗೆ ಹೋದೆ. ಶೆಲ್ಫಿನ ನಡುವಿನ ತಟ್ಟೆಯಲ್ಲಿ ಹಳೆಯ ಪೇಪರಿನ ಬದಲು ಹೊಸ ಹಾಸು. ಕಲ್ಲುಪ್ಪಿನ ಭರಣಿ ಎತ್ತಿದರೆ ಕೆಳಗೆ ಕೆಂಪು ಹವಳ, ಅದರ ಸಂದಿಯಿಂದ ಇಣುಕುವ ಹಳದಿ ಪಟ್ಟೆಯ ಮೀನು.

"ತಿರುಗಿಸಿದ್ರೆ ಗಿಡ ಇದೆಯಲ್ಲಮ್ಮ, ಅಡುಗೆಮನೆಗೆ ಅದೇ ಚೆನ್ನಾಗಿರ್ತಿತ್ತು."

"ಬೇಡ ಕಣೋ, ಹವಳವೇ ಇರಲಿ," ಎಂದಳು. "ಉಪ್ಪು ಇಲ್ಲೇ ಇಡೋದಲ್ವಾ."