ಚುಚ್ಚೋದಕ್ಕೇ ಮಾಡಿದ ಬೋರ್ಡು

ಸರಗೂರು

ಪ್ರೀತಿಯ ಪುಟ್ಟಿ,

ಓನರ್ ಗೋಡೆಗೆ ಮೊಳೆ ಹೊಡೀಬೇಡ ಅಂದಿದ್ದಕ್ಕೆ ನಿನ್ನ ಚೀಟಿಗಳೆಲ್ಲ ಕನ್ನಡಿ ಮೇಲೆ ಅಂಟಿಕೊಂಡಿವೆ ಅಂತ ನಿಮ್ಮಪ್ಪ ಹೇಳಿದ. ಮತ್ತೆ ಮುಖ ಎಲ್ಲಿ ನೋಡ್ಕೋತೀಯೆ? ಅದಕ್ಕೇ ನಿನಗೊಂದು ಕಾರ್ಕ್ ಬೋರ್ಡ್ ಮಾಡಿದ್ದೀನಿ. ಮೇಜಿನ ಮೇಲಿಟ್ಟು ಗೋಡೆಗೆ ಒರಗಿಸಿದರಾಯ್ತು.

ಬೋರ್ಡು ಮೈಸೂರಿಂದ ತರಿಸಿದ್ದು. ಕಾರ್ಕ್ ಅಂದ್ರೆ ಪೋರ್ಚುಗಲ್ ಕಡೆ ಬೆಳೆಯೋ ಒಂದು ಜಾತಿ ಓಕ್ ಮರದ ತೊಗಟೆ. ಮರ ಕಡಿಯೋದಿಲ್ಲ, 9 ವರ್ಷಕ್ಕೊಂದು ಸಲ ತೊಗಟೆ ಸುಲಿದು ಬಿಡ್ತಾರೆ, ಮತ್ತೆ ಬೆಳೆಯುತ್ತೆ. ನಮ್ಮ ಆಕಾಶಮಲ್ಲಿಗೆಗೂ ಇಂಗ್ಲಿಷಿನಲ್ಲಿ ಇಂಡಿಯನ್ ಕಾರ್ಕ್ ಮರ ಅನ್ನೋ ಹೆಸರಿದೆ. ನೀನು ಸಣ್ಣವಳಿದ್ದಾಗ ದಾರವೇ ಇಲ್ಲದೆ ತೊಟ್ಟಿನಿಂದ ಜಡೆ ಹೆಣೀತಿದ್ದೆಯಲ್ಲ, ಅದೇ ಹೂವಿನ ಮರ.

ಮೇಲೆ ಹೊದಿಸಿದ ಬಟ್ಟೆ ಬದನವಾಳಿನ ಖಾದಿ, ಗಾಂಧೀಜಿ ಬಂದು ನೋಡಿದ ಕೇಂದ್ರದ್ದು. ನಮ್ಮ ಹೊಲಗಳ ಹತ್ತಿ ಲಾರಿ ಏರಿ ಎಲ್ಲೆಲ್ಲಿಗೋ ಹೋಗುತ್ತೆ, ಪಕ್ಕದ ನಂಜನಗೂಡು ತಾಲ್ಲೂಕಿನ ಮಗ್ಗದ ಬಟ್ಟೆಯನ್ನಾದರೂ ಮುಟ್ಟೋಣ ಅನ್ನಿಸಿತು. ಗಂಜಿ ಹೋಗೋ ಹಾಗೆ ಒಗೆದು, ಅಳಲೆಕಾಯಿ ಪುಡಿ ಕದಡಿದ ಎಮ್ಮೆ ಹಾಲಿನಲ್ಲಿ ನೆನೆಸಿ ಬಿಸಿಲಿಗೆ ಹಾಕಿದೆ. ಬಟ್ಟೆ ಮೇಲೆ ಲೇಖನಿಯಲ್ಲಿ ಚಿತ್ರ ಬರೆಯೋ ಕಾಳಹಸ್ತಿಯ ಕಲಂಕಾರಿಯವರ ಕ್ರಮ ಇದು. ಹಾಲಿನ ಜಿಡ್ಡಿಗೆ ಬಣ್ಣ ಹರಡದೆ ಗೆರೆ ಗೆರೆಯಾಗೇ ನಿಲ್ಲುತ್ತೆ. ವಾಸನೆ ಮಾತ್ರ ಕೇಳಬೇಡ, ನಿಮ್ಮ ಮಾವ ಹಿತ್ತಿಲ ಕಡೆ ತಲೆ ಹಾಕಲಿಲ್ಲ.

ಕಪ್ಪು ಮಾಡೋದು ಮಜವಾದ ಕೆಲಸ ಕಣೇ. ತುಕ್ಕು ಹಿಡಿದ ಮೊಳೆ, ಕುಡುಗೋಲಿನ ತುಂಡು, ಬೆಲ್ಲ, ನೀರು ಎಲ್ಲ ಮಡಕೆಗೆ ಹಾಕಿ ವಾರಗಟ್ಟಲೆ ಹುಳಿ ಬರಿಸಬೇಕು. ಸೋಸಿದ ನೀರಿನಲ್ಲಿ ಬಿದಿರು ಕಡ್ಡಿಗೆ ಬಟ್ಟೆ ಸುತ್ತಿದ ಲೇಖನಿ ಅದ್ದಿ ಎಳೆದರೆ ಮೊದಲು ಮಾಸಲು ಗೆರೆ, ನೋಡ್ತಾ ನೋಡ್ತಾ ಅದೇ ಕಪ್ಪಾಗುತ್ತೆ. ಕಬ್ಬಿಣಕ್ಕೂ ಅಳಲೆಯ ಒಗರಿಗೂ ಆಗೋ ಜೋಡಿ ಅದು. ತೀರಾ ಗಟ್ಟಿ ಮಾಡಿದರೆ ಬಟ್ಟೆಯನ್ನೇ ತಿಂದುಬಿಡುತ್ತೆ. ಹಳದಿಗೆ ದಾಳಿಂಬೆ ಸಿಪ್ಪೆಯ ಕಷಾಯ, ಚೂರು ಪಟಿಕ. ಅರಿಶಿನ ಬಿಸಿಲಿಗೆ ಮಾಸುತ್ತೆ, ಅದು ಬೇಡ. ಕಂದುಗೆಂಪಿಗೆ ಅಡಿಕೆ ಚೊಗರು, ಹೆಗ್ಗೋಡಿನ ಚರಕ ಸಂಘದವರು ನೂಲಿಗೆ ಹಾಕೋದು. ಮಂಜಿಷ್ಠದ ಕೆಂಪು ಇನ್ನೂ ಚೆಂದ, ಆದರೆ ಅದಕ್ಕೆ ಇಡೀ ಬಟ್ಟೆ ಕುದಿಸಬೇಕು, ಅಷ್ಟು ರಗಳೆ ಯಾರಿಗೆ ಬೇಕು.

ಚಿತ್ರ ಅಂಚಿಗಷ್ಟೇ. ಕೆಳಗೆ ಕಪಿಲೆಯ ತೆರೆ, ಎರಡು ಪಕ್ಕಕ್ಕೆ ಹತ್ತಿಗಿಡ. ಹತ್ತಿ ಹೂವು ಮೊದಲ ದಿನ ಬೆಳ್ಳಗಿದ್ದು ಮಾರನೇ ದಿನ ಕೆಂಪಾಗೋದಲ್ವಾ, ಎರಡೂ ಬರೆದಿದ್ದೀನಿ. ಒಡೆದ ಕಾಯಿಗೆ ಬಣ್ಣ ಹಾಕಿಲ್ಲ, ಬರೀ ಕಪ್ಪು ಗೆರೆ. ನಡುವೆ ಪೂರಾ ಖಾಲಿ. ಚಿಕ್ಕಮ್ಮ ನೋಡಿ ಅಲ್ಲೊಂದು ನವಿಲು ಬರಿ ಅಂದಳು. ನವಿಲಿನ ಎದೆಗೆ ಕರೆಂಟ್ ಬಿಲ್ ಚುಚ್ಚೋಕೆ ನಿನಗೆ ಮನಸ್ಸು ಬರುತ್ತಾ? ಚೆಂದ ಜಾಸ್ತಿಯಾದ ಬೋರ್ಡು ಗೋಡೆ ಪಟ ಆಗುತ್ತೆ, ಚೀಟಿಗಳು ವಾಪಸ್ ಕನ್ನಡಿಗೇ.

ಬಟ್ಟೆಯನ್ನ ಹಿಂದಕ್ಕೆ ಮಡಚಿ ಸ್ಟೇಪಲ್ ಹೊಡೆದಿದ್ದೀನಿ. ನಾಲ್ಕೂ ಬದಿಯ ನಡುಮಧ್ಯದಿಂದ ಶುರು ಮಾಡಿ, ಎದುರುಬದುರು ಎಳೀತಾ ಮೂಲೆಗೆ ಬಂದರೆ ಮಾತ್ರ ಎಳೆ ಸೊಟ್ಟಗಾಗೋದಿಲ್ಲ. ಮುಂದುಗಡೆ ಗೋಂದು ಹಾಕಿಲ್ಲ, ಕಲೆ ಆಗುತ್ತೆ. ಹಾಗಾಗಿ ಮುಂದೆ ಯಾವಾಗಲಾದರೂ ಬೇಜಾರಾದರೆ ಬಿಚ್ಚಿ ಬೇರೆ ಬಟ್ಟೆ ಹಾಕ್ಕೋಬಹುದು, ನಾನೇನೂ ಬೇಸರ ಮಾಡ್ಕೊಳ್ಳಲ್ಲ.

ಶನಿವಾರ ನಿಮ್ಮಪ್ಪ ಬರುವಾಗ ತರ್ತಾನೆ. ಪಿನ್ನು ನೀನೇ ತಗೋ. ಆದರೆ ತುಕ್ಕು ಹಿಡಿಯದಂಥದ್ದೇ ನೋಡಿ ತಗೋಬೇಕು ತಾಯಿ. ಬಟ್ಟೆ ತುಂಬ ಅಳಲೆ ಇದೆ, ತುಕ್ಕು ತಾಗಿದ ಕಡೆಯೆಲ್ಲ ಕಪ್ಪು ಚುಕ್ಕೆ ಏಳುತ್ತೆ, ಒಗೆದರೂ ಹೋಗಲ್ಲ.

ನಿನ್ನ
ದೊಡ್ಡತ್ತೆ